ಹಗ್ಗ ಎಳೆಯುವ ಜನರೇಟರ್

ಕ್ವಾರ್ಟ್ಸೈಟ್ ಊರಾಚೆಯ ಬಯಲು, ಅರಿಜೋನಾ
ಜನವರಿ 18, ಶನಿವಾರ ಬೆಳಿಗ್ಗೆ

ನನ್ನ ಮುದ್ದು ಶೆಲ್ಬಿ,

ಹೇಗಿದ್ದೀಯೆ ಮಗಳೇ? ಹಡಗು ಹೊಯ್ದಾಡಿದಾಗ ಹೊಟ್ಟೆ ತೊಳಸುವುದು ಈಗಲಾದರೂ ನಿಂತಿತೇ? ಅಷ್ಟೊಂದು ನಾವಿಕರಿಗೆ ಬೇಯಿಸಿ ಬಡಿಸುವವಳು ತಾನು ಮಾತ್ರ ಒಣ ಬಿಸ್ಕತ್ತು ಕಡಿದುಕೊಂಡು ಮಲಗುತ್ತಾಳೆ ಎಂದು ನಿನ್ನ ಹಿಂದಿನ ಕಾಗದದಲ್ಲಿ ಓದಿ ನನಗೆ ಸಿಟ್ಟೇ ಬಂತು. ಶುಂಠಿಯ ಚೂರು ದವಡೆಯಲ್ಲಿಟ್ಟುಕೋ, ಸಮುದ್ರದ ಕಡೆ ನೋಡಬೇಡ. ನೋಡಿದಷ್ಟೂ ಅದಕ್ಕೆ ಕೊಬ್ಬು ಜಾಸ್ತಿ. ನಾನು ಚೆನ್ನಾಗಿದ್ದೇನೆ. ಮಂಡಿ ಬೆಳಿಗ್ಗೆ ಸ್ವಲ್ಪ ತಕರಾರು ಮಾಡುತ್ತದೆ, ಬಿಸಿಲೇರಿದ ಮೇಲೆ ಸುಮ್ಮನಾಗುತ್ತದೆ. ಬಲಗೈ ಮಣಿಕಟ್ಟು ನೋಯುತ್ತಿದೆ, ಅದರ ಕಥೆ ಮುಂದೆ ಬರುತ್ತದೆ. ನೋವಿದ್ದರೂ ಬರೆಯುತ್ತಿದ್ದೇನೆ, ಅಷ್ಟು ಪ್ರೀತಿ ನಿನ್ನ ಮೇಲೆ ಎಂದು ತಿಳಿದುಕೋ.

ನಿಮ್ಮಜ್ಜನ ಎದೆ ಕೊಯ್ದು ಹೊಲಿದ ಗುರುತು ಒಣಗಿದೆ. ಊಟ ಸೇರುತ್ತದೆ, ಬಾಯಿ ಎಂದಿನಂತೆ ಓಡುತ್ತದೆ. ಒಂದೇ ಒಂದು ತೊಡಕೆಂದರೆ ರಾತ್ರಿ ಮೂಗಿಗೆ ಕಟ್ಟಿಕೊಂಡು ಮಲಗುವ ಆ ಉಸಿರಿನ ಯಂತ್ರ. ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾಳೆ, ಅದಿಲ್ಲದೆ ಒಂದು ರಾತ್ರಿಯೂ ಮಲಗಕೂಡದು ಎಂದು. ಅದನ್ನು ಹಾಕಿಕೊಂಡರೆ ಅವರು ಆನೆಯ ಮರಿಯ ಹಾಗೆ ಕಾಣುತ್ತಾರೆ. ಇದನ್ನು ಬರೆದೇ ಬರೆಯುತ್ತೇನೆ, ಓದಿಕೊಳ್ಳಲಿ. ನಿನಗೆ ಗೊತ್ತಲ್ಲ, ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದವಳು ನಾನು. ನಾನು ಬರೆದ ಪ್ರತಿ ಕಾಗದವನ್ನೂ ನಿಮ್ಮಜ್ಜ ಕನ್ನಡಕ ಏರಿಸಿ ಓದಿ, ತಪ್ಪು ತಿದ್ದಿ, ಆಮೇಲೆಯೇ ಲಕೋಟೆಗೆ ಹಾಕುವುದು. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಹಾಗಾಗಿ ಇದರಲ್ಲಿ ಎಲ್ಲಾದರೂ ಕಾಗುಣಿತ ಸರಿಯಾಗಿದ್ದರೆ ಅದು ಅವರದ್ದು, ವಿಷಯ ಸರಿಯಾಗಿದ್ದರೆ ಅದು ನನ್ನದು.

ಈಗ ವಿಷಯಕ್ಕೆ ಬರುತ್ತೇನೆ. ಎಂದಿನಂತೆ ಚಳಿಗಾಲ ಕಳೆಯಲು ನಾವು ಇಲ್ಲಿಗೆ ಬಂದು ನಮ್ಮ ಮನೆ-ಟ್ರೇಲರ್ ನಿಲ್ಲಿಸಿದ ಮರುದಿನವೇ ನಿಮ್ಮಜ್ಜ ಹಿಂದುಗಡೆಗೆ ಹೋಗಿ, ಸ್ವಲ್ಪ ಹೊತ್ತು ಏನೋ ಮಾಡಿ, ಕೈ ಒರೆಸಿಕೊಳ್ಳುತ್ತಾ ಬಂದು, "ಓಲೀಟಾ, ಜನರೇಟರ್ ಸತ್ತೋಯ್ತು" ಅಂದರು. ನಿನಗೆ ನೆನಪಿರಬೇಕು, ಅದೇ ಹಳೇ ಹಳದಿ ಜನರೇಟರ್. ನೀನು ಚಿಕ್ಕವಳಿದ್ದಾಗ ಅದನ್ನು ಶುರುಮಾಡುವ ಹಗ್ಗ ಎಳೆಯಲು ಹೋಗಿ ಹಿಂದಕ್ಕೆ ಬಿದ್ದು ಮುಳ್ಳು ಚುಚ್ಚಿಸಿಕೊಂಡಿದ್ದೆ. ಈ ಬಯಲಿನಲ್ಲಿ ಕರೆಂಟಿನ ಕಂಬವಿಲ್ಲ, ನಲ್ಲಿಯಿಲ್ಲ. ಇರುವುದು ಮುಳ್ಳುಕಳ್ಳಿ ಮತ್ತು ನಮ್ಮಂಥ ಮುದುಕರು. ಜನರೇಟರ್ ಇಲ್ಲವೆಂದರೆ ಉಸಿರಿನ ಯಂತ್ರವಿಲ್ಲ, ಯಂತ್ರವಿಲ್ಲವೆಂದರೆ ನಾವಿಲ್ಲಿ ಇರುವಂತಿಲ್ಲ. ನಾನೊಂದು ದಡ್ಡತನ ಮಾಡಿದೆ, ಬಾಯಿ ತಪ್ಪಿ ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಡ್ವೈಟ್ ಇದಕ್ಕಾಗಿಯೇ ಕಾಯುತ್ತಿದ್ದವನ ಹಾಗೆ, "ಅಮ್ಮಾ, ಭಾನುವಾರದೊಳಗೆ ಒಂದು ವ್ಯವಸ್ಥೆ ಆಗ್ಲಿಲ್ಲ ಅಂದ್ರೆ ನಾನೇ ಬಂದು ಟ್ರೇಲರ್ ಎಳ್ಕೊಂಡು ಬರ್ತೀನಿ, ಮಾರಿಬಿಡೋಣ, ನಮ್ಮನೆ ಹಿಂದಿನ ಕೋಣೇಲಿ ಇರಿ" ಅಂದ. ಆ ಕೋಣೆಗೆ ಒಂದೇ ಕಿಟಕಿ, ಅದೂ ಪಕ್ಕದ ಮನೆಯವರ ಕಸದ ಡಬ್ಬಿಯ ಕಡೆಗೆ.  ಅಂದು ಸಂಜೆ ನಿಮ್ಮಜ್ಜ ಹೊರಗೆ ಕುರ್ಚಿ ಹಾಕಿಕೊಂಡು ಗುಡ್ಡ ನೋಡುತ್ತಾ, "ಇನ್ನೆಷ್ಟು ಚಳಿಗಾಲ ಇದೆಯೋ, ಅಷ್ಟನ್ನೂ ಇಲ್ಲೇ ಕಳೀಬೇಕು ಅಂತಿದ್ದೆ" ಅಂದರು.  ನಾನು ಒಳಗೆ ಹೋಗಿ ಪಾತ್ರೆಗಳನ್ನು ದಬದಬ ತೊಳೆದೆ.

ಹೊಸ ಜನರೇಟರ್ ಕೊಂಡರಾಯಿತು, ಇದರಲ್ಲೇನಿದೆ ಎನ್ನುತ್ತೀಯೆ. ನಾನೂ ಹಾಗೆಯೇ ಅಂದುಕೊಂಡಿದ್ದೆ! ಮಗಳೇ, ನನ್ನ ಮದುವೆಗೆ ಗಂಡು ನೋಡುವಾಗಲೂ ಇಷ್ಟು ತಲೆ ಕೆಟ್ಟಿರಲಿಲ್ಲ. ಇಲ್ಲಿ ಸಂಜೆ ನಾಲ್ಕಕ್ಕೆ ಎಲ್ಲರೂ ತಮ್ಮ ತಮ್ಮ ಕುರ್ಚಿ ಹೊತ್ತು ತಂದು ದುಂಡಗೆ ಕೂರುತ್ತಾರಲ್ಲ, ಆ ಕೂಟದಲ್ಲಿ ನಮ್ಮ ಜನರೇಟರ್ ಸತ್ತ ಸುದ್ದಿ ಬಿದ್ದದ್ದೇ ತಡ, ಸಾವಿನ ಮನೆಗೆ ಅಡುಗೆ ಹೊತ್ತು ತರುವವರ ಹಾಗೆ ಒಬ್ಬೊಬ್ಬರೂ ಒಂದೊಂದು ಸಲಹೆ ಹೊತ್ತು ತಂದರು. ಎರಡು ಸಾವಿರ ವಾಟ್ ಸಾಕು ಎಂದು ಒಬ್ಬ, ನಾಲ್ಕು ಸಾವಿರಕ್ಕೆ ಕಡಿಮೆಯಾದರೆ ಬಿಸಾಕಿಬಿಡು ಎಂದು ಇನ್ನೊಬ್ಬ. ಪೆಟ್ರೋಲಿನದು ಎಂದು ಒಬ್ಬ, ಗ್ಯಾಸ್ ಸಿಲಿಂಡರಿನದು ಎಂದು ಇನ್ನೊಬ್ಬ. ವಾಟ್ ಅಂದರೆ ಏನು, ಸೇರಿನಲ್ಲಿ ಅಳೆಯುವುದೋ ಗಜದಲ್ಲೋ ಎಂದು ಕೇಳಿದೆ. ಎಲ್ಲರೂ ನಕ್ಕರು, ಆದರೆ ಯಾರೂ ಹೇಳಲಿಲ್ಲ. ಅವರಿಗೂ ಗೊತ್ತಿಲ್ಲ ಎಂದು ನನ್ನ ಅನುಮಾನ.

ಅದರಲ್ಲೂ ಎರಡು ಬಗೆಯಂತೆ. ಶುರುವಾಗುವಾಗ ಬೇಕಾದ ವಾಟ್ ಬೇರೆ, ಓಡುವಾಗ ಬೇಕಾದ ವಾಟ್ ಬೇರೆ. ಎಸಿ ಹಾಕಿದ ಗಳಿಗೆಯಲ್ಲಿ ಅದು ಒಮ್ಮೆಗೇ ಸಿಕ್ಕಾಪಟ್ಟೆ ಕರೆಂಟ್ ಎಳೆದುಕೊಳ್ಳುತ್ತದಂತೆ, ಆಮೇಲೆ ಅರ್ಧದಷ್ಟರಲ್ಲಿ ತೆಪ್ಪಗೆ ಇರುತ್ತದಂತೆ. ಇದು ಮಾತ್ರ ನನಗೆ ಥಟ್ಟನೆ ತಿಳಿಯಿತು. ನಿಮ್ಮಜ್ಜ ತಗ್ಗಿನ ಕುರ್ಚಿಯಿಂದ ಏಳುವುದನ್ನು ನೋಡಿದ್ದೀಯಲ್ಲ. ಏಳುವಾಗ ಇಡೀ ಬಯಲಿಗೆ ಕೇಳುವಷ್ಟು ಸದ್ದು, ಎದ್ದ ಮೇಲೆ ಬೇಕಾದಷ್ಟು ದೂರ ನಡೆಯುತ್ತಾರೆ. ಆದರೆ ಚಳಿಗಾಲಕ್ಕೆಂದು ಇಲ್ಲಿಗೆ ಬಂದ ನಮಗೆ ಎಸಿ ಯಾಕೆ ಎಂದು ಕೇಳಿದೆ.  ಗಂಡಸರಿಗೆ ಎಸಿ ಓಡಿಸುವಷ್ಟು ದೊಡ್ಡದು ಬೇಕು, ಓಡಿಸುವುದು ಬಿಡುವುದು ಆಮೇಲಿನ ಮಾತು.

ಎದುರುಗಡೆಯ ಪ್ರೂಯಿಟ್ ಗೊತ್ತಲ್ಲ, ಬೆಂಕಿಯಿಲ್ಲದೆ ಎಣ್ಣೆಯಿಲ್ಲದೆ ಕೋಳಿ ಹುರಿಯುವ ಯಂತ್ರ ಇಟ್ಟುಕೊಂಡಿರುವವನು. ಅವನದು ಕೆಂಪು ರಾಕ್ಷಸ. ಶುರುಮಾಡಿದರೆ ನನ್ನ ಹಲ್ಲಿನ ಸೆಟ್ಟು ಲೋಟದಲ್ಲಿ ಕುಣಿಯುತ್ತದೆ. ಪಾಪ, ಒಳ್ಳೆಯವನು. ಅಷ್ಟು ದಿನವೂ ಹಗಲು ಹೊತ್ತು ಅವನ ಜನರೇಟರಿನಿಂದ ನಮ್ಮ ಟ್ರೇಲರಿಗೆ ವೈರು ಎಳೆದುಕೊಟ್ಟಿದ್ದ. ಆದರೆ ಬರುವ ವಾರ ಅವನು ಮಗಳ ಮನೆಗೆ ಹೊರಡುತ್ತಾನೆ. ಅವನು ನಿಮ್ಮಜ್ಜನನ್ನು ಕರೆದು, "ವರ್ಲಿನಣ್ಣ, ಇಂಥದ್ದೇ ತಗೋ. ನೋಡೋಕೆ ಮಾತ್ರ ಗೂಳಿ, ಒಳಗೆ ಹಸು. ಬಾ, ನೀನೇ ಹಗ್ಗ ಎಳೆದು ನೋಡು" ಅಂದ. ನಿಮ್ಮಜ್ಜ ಬಗ್ಗಿ ಅದರ ತಗಡಿನ ಚೀಟಿ ಓದಿದರು, ಸುತ್ತಲೂ ಒಂದು ಸುತ್ತು ಹಾಕಿದರು, "ಎಣ್ಣೆ ವಾಸನೆ ಸರಿಯಿಲ್ಲ" ಎಂದು ಬಂದುಬಿಟ್ಟರು. ಎಣ್ಣೆಗೆ ಗುಲಾಬಿಯ ವಾಸನೆ ಬರಬೇಕಿತ್ತೇ? ನಮ್ಮ ಹಳದಿಯದನ್ನಾದರೂ ಬಿಚ್ಚಿ ನೋಡುತ್ತೇನೆ ಎಂದು ಪ್ರೂಯಿಟ್ ಪಾನಾ ಹಿಡಿದು ಬಂದರೆ, "ಸತ್ತದ್ದನ್ನ ಯಾಕೆ ಕೆದಕ್ತೀಯಾ, ಬಿಡಪ್ಪ" ಎಂದು ಗದರಿದರು. ಇಲ್ಲಿನ ಕಟ್ಟಳೆ ನಿನಗೂ ಗೊತ್ತು. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರಬಹುದು, ಒಬ್ಬರ ನಾಯಿಗೆ ಇನ್ನೊಬ್ಬರು ಮೂಳೆ ಹಾಕಬಹುದು, ಆದರೆ ಮಾಲೀಕ ಬೇಡವೆಂದ ಮೇಲೆ ಅವನ ಜನರೇಟರ್ ಮುಟ್ಟುವಂತಿಲ್ಲ. ಪ್ರೂಯಿಟ್ ಪಾನಾ ಜೇಬಿಗಿಟ್ಟುಕೊಂಡು ಹೋದ.

ಸೋಮವಾರ ಊರೊಳಗಿನ ಅಂಗಡಿಗೆ ಹೋದೆವು. ತಗಡಿನ ಮಾಡಿನ ಕೆಳಗೆ ಸಾಲಾಗಿ ಜನರೇಟರುಗಳು, ದನದ ಸಂತೆಯಲ್ಲಿ ನಿಲ್ಲಿಸಿದ ಹಾಗೆ. ಅಲ್ಲೊಂದು ನೀಲಿ ಬಣ್ಣದ್ದು ಇತ್ತು ನೋಡು, ಚಿಕ್ಕ ಪೆಟ್ಟಿಗೆಯಂಥದ್ದು, ನಾನೊಬ್ಬಳೇ ಎತ್ತಿಬಿಟ್ಟೆ! ಓಡಿಸಿದರೆ ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ನನಗೆ ಬಹಳ ಹಿಡಿಸಿತು. ಅಂಗಡಿಯವನು ಹಗ್ಗದ ಹಿಡಿಯನ್ನು ನಿಮ್ಮಜ್ಜನ ಕಡೆ ಚಾಚಿ, "ಎಳೀರಿ ಯಜಮಾನ್ರೇ, ಬೆಣ್ಣೆ ಬೆಣ್ಣೆ" ಅಂದ. ನಿಮ್ಮಜ್ಜ ಎರಡೂ ಕೈ ಜೇಬಿಗೆ ತುರುಕಿಕೊಂಡು, "ಬಣ್ಣ ಸರಿಯಿಲ್ಲ" ಅಂದರು. "ಅಲ್ರೀ, ಬಣ್ಣ ನೋಡೋಕೆ ಅದೇನು ಕಿಟಕಿ ಪರದೇನಾ? ಕಲ್ಲಿನ ಮೇಲೆ ಕೂತು ಗುರ್ ಅನ್ನೋ ಮಷೀನಿಗೆ ಬಣ್ಣ ಯಾವುದಾದ್ರೇನು?" ಎಂದು ಅಂಗಡಿಯವನ ಮುಂದೆಯೇ ಕೇಳಿದೆ.  ಮೂಲೆಯಲ್ಲಿ ಇನ್ನೊಂದಿತ್ತು, ಚಕ್ರ ಇದ್ದದ್ದು, ಬೂದು ಬಣ್ಣದ್ದು, ಹಗ್ಗದ ಬದಲು ಗುಂಡಿ ಒತ್ತಿದರೆ ಶುರುವಾಗುವುದು. ನಿಮ್ಮಜ್ಜ ಅದರ ಮುಂದೆ ಎರಡು ಸಲ ಹಾದುಹೋದರು. ಅದರ ವಿಷಯ ನಾನು ಕೇಳಿದಾಗ ಅಂಗಡಿಯವನು, "ಅದಾ? ಅದು ವಯಸ್ಸಾದೋರಿಗೆ, ಹೆಂಗಸ್ರಿಗೆ" ಅಂದ. ನಿಮ್ಮಜ್ಜ ಆಗಲೇ ಟ್ರಕ್ ಹತ್ತಿ ಕೂತಿದ್ದರು. ದಾರಿಯಲ್ಲಿ ಕೇಳಿದೆ, ನಿಮಗೆ ಎಂಥದ್ದು ಬೇಕು ಅಂತಾದರೂ ಹೇಳಿ ಎಂದು. "ನೋಡಿದಾಗ ಗೊತ್ತಾಗುತ್ತೆ" ಅಂದರು. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ, ಲಾರಿಯನ್ನಾದರೂ ಹೀಗೆ ಆರಿಸಿದ್ದು ನಾನು ಕಂಡಿರಲಿಲ್ಲ.

ಪಕ್ಕದ ಟ್ರೇಲರಿನ ಮೇವಿಸಳದ್ದು ಬೇರೆ ರಾಗ. ಅವಳು ಮಾಡಿನ ತುಂಬ ಸೋಲಾರ್ ಪ್ಯಾನೆಲ್ ಹಾಸಿಕೊಂಡು, ಜನರೇಟರ್ ಇಟ್ಟುಕೊಂಡವರನ್ನೆಲ್ಲ ಸಿಗರೇಟು ಸೇದುವವರನ್ನು ನೋಡುವ ಹಾಗೆ ನೋಡುತ್ತಾಳೆ. "ಓಲೀಟಕ್ಕಾ, ಸೂರ್ಯ ಬಿಟ್ಟಿ ಕೊಡ್ತಾನೆ, ನೀವು ಹೊಗೆಗೆ ದುಡ್ಡು ಕೊಡ್ತೀರಿ" ಅಂದಳು. ನನಗೆ ಸರಿಯೆನ್ನಿಸಿತು. ನಿಮ್ಮಜ್ಜನ ಮುಂದೆ ಹೇಳಿದರೆ, "ಮೋಡ ಆದ್ರೆ?" ಅಂದರು. ಮೋಡ! ಇಲ್ಲಿ ಮೋಡ ಕಂಡರೆ ಜನ ಹೊರಗೆ ಬಂದು ಫೋಟೋ ತೆಗೆಯುತ್ತಾರೆ. ಆದರೆ ಮೇವಿಸ್ ದಿನಾ ಬೆಳಿಗ್ಗೆ ಏಣಿ ಹತ್ತಿ ಪ್ಯಾನೆಲಿನ ಧೂಳು ಒರೆಸುವುದನ್ನು ನೋಡಿದ ಮೇಲೆ ನನಗೇ ಬೇಡವೆನ್ನಿಸಿತು. ನಮ್ಮಿಬ್ಬರಲ್ಲಿ ಏಣಿ ಹತ್ತುವವರು ಯಾರು?

ಇಷ್ಟರ ಮೇಲೆ ಇನ್ನೊಂದು ಗೊಂದಲ. ಇಲ್ಲಿ ರಾತ್ರಿ ಹತ್ತು ಗಂಟೆಯಿಂದ ಬೆಳಗಿನವರೆಗೆ ಜನರೇಟರ್ ಓಡಿಸಕೂಡದು, ಅದು ಕಾನೂನು. ನಿಮ್ಮಜ್ಜ ಯಂತ್ರ ಹಾಕಿಕೊಳ್ಳುವುದೇ ಆ ಹೊತ್ತಿನಲ್ಲಿ! ಹಾಗಾದರೆ ನಾವು ಬಡಿದಾಡುತ್ತಿರುವುದು ಯಾತಕ್ಕೆ ಎಂದು ಕೂಟದಲ್ಲಿ ಕೇಳಿದೆ. ಕೊನೆಗೆ ಮೇವಿಸ್ ಬಿಡಿಸಿ ಹೇಳಿದಳು. ಹಗಲು ಜನರೇಟರ್ ಟ್ರೇಲರಿನ ಬ್ಯಾಟರಿಗೆ ತುಂಬಿಸುತ್ತದೆ, ರಾತ್ರಿ ಬ್ಯಾಟರಿ ಯಂತ್ರಕ್ಕೆ ಕೊಡುತ್ತದೆ. ಕೊಡ ತುಂಬಿಸಿಟ್ಟುಕೊಂಡು ರಾತ್ರಿ ಕುಡಿದ ಹಾಗೆ. ಇದನ್ನು ಮೊದಲೇ ಹೇಳಬಾರದಿತ್ತೇ? ಹೀಟರಿನ ಫ್ಯಾನು ರಾತ್ರಿಯಿಡೀ ಓಡಿಸದಿದ್ದರೆ, ಇರುವ ಬ್ಯಾಟರಿಯ ಜೊತೆಗೆ ಇನ್ನೊಂದು ಸೇರಿಸಿದರೆ, ಚಿಕ್ಕ ಜನರೇಟರೇ ಧಾರಾಳ. ನಾಲ್ಕು ಸಾವಿರ ವಾಟಿನವರು ಆಕಾಶ ನೋಡಿದರು. ನಾನು ನಿಮ್ಮಜ್ಜನ ಮುಖ ನೋಡಿದೆ, ಸರಿ, ಇನ್ನಾದರೂ ಆ ನೀಲಿಯದನ್ನು ತರೋಣ ಎಂದು. "ನೋಡೋಣ" ಅಂದರು. ಭಾನುವಾರ ಹತ್ತಿರ ಬರುತ್ತಿದೆ, ಡ್ವೈಟ್ ಟ್ರಕ್ಕಿಗೆ ಪೆಟ್ರೋಲ್ ತುಂಬಿಸುತ್ತಿದ್ದಾನೆ, ಇವರು ನೋಡೋಣ ಅನ್ನುತ್ತಾರೆ!

ಗುರುವಾರ ಸಂಜೆ ನನ್ನ ತಾಳ್ಮೆ ಮುಗಿಯಿತು. ಎಲ್ಲರೂ ಕೂತಿರುವಾಗ ಎದ್ದು ನಿಂತು ಹೇಳಿಬಿಟ್ಟೆ. "ನೋಡ್ರಪ್ಪಾ, ಇಷ್ಟು ವರ್ಷ ಇದು ಗಂಡಸ್ರ ಬಾಬತ್ತು ಅಂತ ಬಿಟ್ಟಿದ್ದೆ. ಇನ್ಮೇಲೆ ಬೆಳಿಗ್ಗೆ ನನ್ನ ಕಾಫಿಗೆ ನಾನೇ ಜನರೇಟರ್ ಹಾಕ್ಕೋತೀನಿ, ಇವರು ಏಳೋವರೆಗೂ ಯಾರು ಕಾಯ್ತಾರೆ? ಆದ್ರೆ ನನ್ನ ಬಲಗೈ ಮಣಿಕಟ್ಟು ಹೋಗಿದೆ, ಹಗ್ಗಗಿಗ್ಗ ಎಳೆಯೋಕಾಗಲ್ಲ. ನನಗೆ ಆ ಗುಂಡೀದೇ ಬೇಕು. ಚಕ್ರ ಇರೋದು. ಬೇರೆ ಯಾವುದು ತಂದ್ರೂ ನಾನು ಅಡುಗೆ ಮಾಡಲ್ಲ." ಪ್ರೂಯಿಟ್, "ಗುಂಡಿಯಾ! ಅತ್ತಿಗೆ, ಆಮೇಲೆ ಅದಕ್ಕೊಂದು ಲೇಸಿನ ಹೊದಿಕೇನೂ ಹೊಲೀರಿ" ಎಂದು ನಕ್ಕ. ನಿಮ್ಮಜ್ಜ ಮೊದಲು ನನ್ನ ಕಡೆ ನೋಡಿದರು, ಆಮೇಲೆ ಅವನ ಕಡೆ ತಿರುಗಿ, "ನಗಬೇಡ್ವೋ, ಮುದುಕಿ ಕೈ ನೋವು ಅಂತಾಳೆ. ನಾನೇನು ಮಾಡ್ಲಿ, ಕಟ್ಕೊಂಡಿದ್ದೀನಿ" ಅಂದರು. ಬೆಳಗಾಗುವುದರೊಳಗೆ ಟ್ರಕ್ ಒರೆಸಿ, ಟೋಪಿ ಹಾಕಿಕೊಂಡು, ನನಗಿಂತ ಮೊದಲು ಸಿದ್ಧರಾಗಿದ್ದರು. ಅಷ್ಟು ದಿನ ಕಾಡಿಸಿದ ಮನುಷ್ಯ ಅಂಗಡಿಯಲ್ಲಿ ಒಂದೇ ಮಾತಿಗೆ ಮುಗಿಸಿದರು. "ನನ್ನ ಹೆಂಡ್ತಿಗೆ ಆ ಬೂದು ಬಣ್ಣದ್ದು ಕೊಡಪ್ಪ." ಇವರನ್ನು ಅರ್ಥ ಮಾಡಿಕೊಳ್ಳುವುದು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ.

ನಿನ್ನೆ ಹಗಲು ಅದು ಬ್ಯಾಟರಿ ತುಂಬಿಸಿತು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಉಸಿರಿನ ಯಂತ್ರದ ಹಸಿರು ದೀಪ ಇನ್ನೂ ಉರಿಯುತ್ತಿತ್ತು, ಆನೆಮರಿ ಸುಖವಾಗಿ ಮಲಗಿತ್ತು. ಡ್ವೈಟ್‌ಗೆ ಫೋನ್ ಮಾಡಿ ಹೇಳಿದೆ, ನೀನು ಬರುವುದಾದರೆ ಕುರ್ಚಿ ಹಿಡಿದುಕೊಂಡು ಬಾ, ಟ್ರೇಲರ್ ಎಳೆಯಲು ಬರಬೇಡ ಎಂದು. ನಿಮ್ಮಜ್ಜ ನನಗೊಂದು ಮಣಿಕಟ್ಟಿನ ಪಟ್ಟಿಯನ್ನೂ ಕೊಂಡುತಂದಿದ್ದಾರೆ. ಕಾಫಿಯ ಕೆಟಲು ನನ್ನಿಂದ ಎತ್ತಿಸುವುದಿಲ್ಲ.

ಸಮುದ್ರದವಳೇ, ನೀನಿರುವ ನೀರು ಶಾಂತವಾಗಿರಲಿ, ನೀನು ಬೇಯಿಸಿದ ಬೀನ್ಸು ಮೆತ್ತಗಿರಲಿ, ನಿನ್ನನ್ನು ಕಾಯುವವನು ಮೇಲಿನಿಂದ ಕಣ್ಣು ಮುಚ್ಚದೆ ಕಾಯಲಿ. ಮೇವಿಸ್, ಪ್ರೂಯಿಟ್ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಮೇವಿಸಳ ನಾಯಿಯೂ ಕೇಳಿದೆ ಎಂದು ಬರೆಯಲು ಅವಳು ಹೇಳಿದಳು, ಬರೆದಿದ್ದೇನೆ.

ನಿನ್ನ ಬಾಯಿಬಡುಕಿ ಅಜ್ಜಿ,
ಓಲೀಟಾ

ಮರೆತಿದ್ದು: ನಿಮ್ಮಜ್ಜ ಕಾಗದ ಓದಿ, ಲಕೋಟೆಯನ್ನು ಅಂಟಿಸುವುದಕ್ಕೆ ನನಗೆ ಕೊಟ್ಟು, ಸ್ಟಾಂಪ್ ತರಲು ಊರಿಗೆ ಹೋದರು. ಬೇಗ ಬೇಗ ಬರೆಯುತ್ತೇನೆ, ಕಾಗುಣಿತ ನೋಡಬೇಡ. ನನ್ನ ಮಣಿಕಟ್ಟಿಗೆ ಏನೂ ಆಗಿಲ್ಲ. ಹಳದಿ ಜನರೇಟರಿಗೂ ಏನೂ ಆಗಿಲ್ಲ. ಬುಧವಾರ ಇವರು ಪ್ರೂಯಿಟ್ ಜೊತೆ ಗ್ಯಾಸ್ ತುಂಬಿಸಲು ಹೋಗಿದ್ದಾಗ ಗುಜರಿಯವನೊಬ್ಬ ಬಂದು, ಅದು ಪೂರ್ತಿ ಸತ್ತಿದೆಯೋ ಜೀವ ಇದೆಯೋ ನೀವೇ ನೋಡಿಟ್ಟಿರಿ, ನಾಳೆ ಬರುತ್ತೇನೆ ಎಂದು ಹೋದ. ಇವರ ಕಟ್ಟಳೆ ಇವರಿಗಿರಲಿ ಎಂದು ನಾನೇ ಒಂದು ಕಾಲು ಅದರ ಮೇಲಿಟ್ಟು, ನಮ್ಮಪ್ಪನ ಪಂಪಿನ ಇಂಜಿನ್ ಎಳೆಯುತ್ತಿದ್ದ ಹಾಗೆ ಎಳೆದೆ. ಎರಡನೇ ಸಲಕ್ಕೇ ಬಯಲು ನಡುಗುವ ಹಾಗೆ ಶುರುವಾಯಿತು! ಗಾಬರಿಯಾಗಿ ಆರಿಸಿದೆ. ಮೇವಿಸ್ ಹೊರಗೆ ಬಂದು ನಿಂತಿದ್ದಳು. "ಕೆಮ್ಮಿತು ಅಷ್ಟೇ" ಅಂದೆ. ನನ್ನನ್ನೇ ನೋಡಿದಳು. "ಹೌದಕ್ಕಾ, ಕೆಮ್ಮಿತು" ಎಂದು ಒಳಗೆ ಹೋದಳು. ಅವಳ ಬಗ್ಗೆ ಇನ್ನು ಮುಂದೆ ಕೆಟ್ಟದ್ದು ಬರೆಯುವುದಿಲ್ಲ.

ಎದೆ ಕೊಯ್ದಾಗಿನಿಂದ ಇವರ ಬಲಗೈಯಲ್ಲಿ ಕಸುವಿಲ್ಲ ಮಗಳೇ. ಅಂಗಿಯ ತೋಳು ಹಾಕಿಕೊಳ್ಳುವಾಗ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಹಗ್ಗ ಎಳೆಯಲು ಆಗಲಿಲ್ಲ, ಅದಕ್ಕೇ ಜನರೇಟರ್ ಸತ್ತಿತು. ವಾಸನೆ, ಬಣ್ಣ, ಎಲ್ಲ ಅದಕ್ಕೇ. ಗುಂಡಿಯದು ಬೇಕೆಂದು ಬಾಯಿಬಿಟ್ಟು ಕೇಳುವುದಕ್ಕಿಂತ ಡ್ವೈಟನ ಹಿಂದಿನ ಕೋಣೆಗೇ ಹೋಗಿ ಮಲಗಿಬಿಡುತ್ತಿದ್ದರು, ಅಂಥ ಹಟ. ನೀನು ಬಂದರಿನಿಂದ ಫೋನ್ ಮಾಡಿದಾಗ ಮೊದಲು ನನ್ನ ಮಣಿಕಟ್ಟಿನ ವಿಚಾರವನ್ನೇ ಕೇಳು. "ಅಜ್ಜಿಗೋಸ್ಕರ ಗುಂಡೀದು ತಂದ್ಯಲ್ಲ, ಒಳ್ಳೇ ಕೆಲಸ ಮಾಡ್ದೆ ಅಜ್ಜಾ" ಅನ್ನು, ಜೋರಾಗಿ ಅನ್ನು. ಹಳೆಯದರ ಸುದ್ದಿ ಎತ್ತಬೇಡ. ಗುಜರಿಯವನಿಗೆ ಕೊಟ್ಟೆ ಎಂದು ಇವರಿಗೆ ಹೇಳಿದ್ದೇನೆ, ಆದರೆ ಅದು ಮೇವಿಸಳ ಟಾರ್ಪಾಲಿನ ಕೆಳಗಿದೆ. ನೀನು ರಜೆಗೆ ಬಂದಾಗ ಎಳೆದು ನೋಡುವೆಯಂತೆ, ಈ ಸಲ ಬೀಳುವುದಿಲ್ಲ.

ಇವರಿಗೆ ಅನುಮಾನ ಬಂದಿದೆಯೋ ಏನೋ ತಿಳಿಯದು. ಈ ಕಾಗದದಲ್ಲಿ ಮಣಿಕಟ್ಟಿನ ಜಾಗ ಬಂದಾಗ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಒಂದು ತಪ್ಪನ್ನೂ ತಿದ್ದಲಿಲ್ಲ. ಟ್ರಕ್ಕಿನ ಸದ್ದು ಕೇಳಿಸಿತು, ನಿಲ್ಲಿಸುತ್ತೇನೆ. ಅಯ್ಯೋ, ಪಟ್ಟಿಯನ್ನು ಎಡಗೈಗೆ ಕಟ್ಟಿಕೊಂಡು ಕೂತಿದ್ದೇನೆ!